ಬೋಳು ನೆಲ ಚೊಕ್ಕಟವೇ?

ಬೇಸಗೆ ಬಂತೆಂದರೆ ನನ್ನ ಬೆಂಗಳೂರಿನ ಗೆಳೆಯರಲ್ಲಿ ಕೆಲವರಿಗೆ ತಮ್ಮ ಜಮೀನು ನೆನಪಾಗುತ್ತದೆ. ವರ್ಷದ ಉಳಿದ ತಿಂಗಳುಗಳಲ್ಲಿ ಆ ಜಮೀನು ಇದೆಯೆಂಬುದು ಪಹಣಿಗೆ ಗೊತ್ತು, ಕಂದಾಯದ ರಸೀತಿಗೆ ಗೊತ್ತು. ಒಡೆಯರಿಗೆ ಗೊತ್ತಿರುವ ಲಕ್ಷಣವೇನೂ ಕಾಣದು. ಮಕ್ಕಳ ಪರೀಕ್ಷೆ ಮುಗಿಯುತ್ತಲೇ ಊರಿನಲ್ಲಿರುವ ಕೆಲಸದವರಿಗೋ ಪಕ್ಕದ ಮನೆಯ ದಾಯಾದಿಗೋ ದೂರವಾಣಿಯ ಮೇಲೆ ಅಪ್ಪಣೆಯಾಗುತ್ತದೆ: “ಬರುವ ವಾರ ಸಂಸಾರ ಸಮೇತ ಬರುತ್ತೇವೆ. ಅಷ್ಟರೊಳಗೆ ಎಲ್ಲ ಕ್ಲೀನ್ ಮಾಡಿಸಿಡಿ.”

ನನ್ನ ಜಗಳವಿರುವುದು ಈ ‘ಕ್ಲೀನ್’ ಎಂಬ ಶಬ್ದದೊಡನೆ. ಅದು ಇಂಗ್ಲಿಷ್ ಶಬ್ದವೆಂಬ ಕಾರಣಕ್ಕಲ್ಲ. ಅದರ ಸ್ಥಾನದಲ್ಲಿ ‘ಚೊಕ್ಕಟ’ ಎಂದಿದ್ದರೂ ನಾನು ಜಗಳ ಬಿಡುತ್ತಿರಲಿಲ್ಲ. ಪೇಟೆಯ ಮನೆಯ ನೆಲಕ್ಕೆ ಹೇಳುವ ಮಾತನ್ನು ಬೆಳೆಯುವ ನೆಲಕ್ಕೂ ಹೇಳುತ್ತಾರಲ್ಲ, ಅದಕ್ಕೆ. ಮೊಸಾಯಿಕ್ ನೆಲದ ಮೇಲೆ ಏನೂ ಇಲ್ಲದಿದ್ದರೆ ಅದು ಚೊಕ್ಕಟ. ಮಣ್ಣಿನ ನೆಲದ ಮೇಲೆ ಏನೂ ಇಲ್ಲದಿದ್ದರೆ ಅದು ಬೋಳು. ಬೋಳಿಗೂ ಚೊಕ್ಕಟಕ್ಕೂ ಇರುವ ಅಂತರವನ್ನು ನಾವು, ಅಂದರೆ ಓದು ಬರಹ ಬಲ್ಲ ಪೇಟೆಯ ಜನ, ಮರೆತಿದ್ದೇವೆ. ಮರೆತುದಷ್ಟೇ ಅಲ್ಲ, ಆ ಮರೆವನ್ನು ಕೂಲಿ ಕೊಟ್ಟು ಹಳ್ಳಿಯವರ ಮೇಲೂ ಹೇರುತ್ತಿದ್ದೇವೆ. ಇದು ನನ್ನ ಆರೋಪ. ಆರೋಪಿಗಳ ಸಾಲಿನಲ್ಲಿ ಮೊದಲು ನಿಲ್ಲಬೇಕಾದವನು ನಾನೇ ಎಂಬುದನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಓದುವವರಿಗೆ ನನ್ನ ಮೇಲೆ ಸಿಟ್ಟು ಬಂದರೆ ಅದು ನ್ಯಾಯವಾದ ಸಿಟ್ಟೇ.

ನಮ್ಮದು ಶಿರಸಿ ಸೀಮೆಯ ಒಂದು ಕೊಳ್ಳ. ಎರಡು ಎಕರೆ ಅಡಕೆ ತೋಟ, ತೋಟದ ತಲೆಯ ಮೇಲೆ ಸೊಪ್ಪಿನ ಬೆಟ್ಟ, ಕಾಲಬುಡದಲ್ಲಿ ಒಂದು ಹಳ್ಳ. ಸೊಪ್ಪಿನ ಬೆಟ್ಟವೆಂದರೇನೆಂಬುದನ್ನು ಪೇಟೆಯ ಓದುಗರಿಗೆ ಎರಡು ಮಾತಿನಲ್ಲಿ ಹೇಳಬೇಕು. ಅಡಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು. ಆದುದರಿಂದ ಬ್ರಿಟಿಷರ ಕಾಲದ ಅರಣ್ಯ ವ್ಯವಸ್ಥೆಯಲ್ಲಿಯೇ ಉತ್ತರ ಕನ್ನಡದ ಘಟ್ಟದ ಮೇಲಿನ ತೋಟಿಗರಿಗೆ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೊಪ್ಪನ್ನು ಬಳಸಿಕೊಳ್ಳುವ ಸೌಲಭ್ಯ ದೊರೆತಿತ್ತು. ನೆಲ ಸರಕಾರದ್ದು, ಸೊಪ್ಪು ತೋಟಿಗನದು. ಈ ಲೆಕ್ಕವನ್ನು ಗಮನಿಸಬೇಕು: ಒಂದು ಎಕರೆಯನ್ನು ಸಾಕುವುದಕ್ಕೆ ಒಂಬತ್ತು ಎಕರೆಯ ಎಲೆ! ಬಿದ್ದ ಎಲೆಯನ್ನು ಕಸವೆಂದು ಕರೆದವನು ಆ ಸೀಮೆಯಲ್ಲಿ ತೋಟಿಗನಾಗಿ ಬಾಳಿದ್ದು ಉಂಟೆ?

ಅಜ್ಜನ ಕಾಲದ ಬೇಸಗೆಯ ಕೆಲಸಗಳನ್ನು ನಾನು ಹುಡುಗನಾಗಿದ್ದಾಗ ಕಣ್ಣಾರೆ ಕಂಡಿದ್ದೇನೆ. ಚಳಿ ಹಿಂದೆಗೆದು ಬೆಟ್ಟದ ಮರಗಳು ಎಲೆ ಉದುರಿಸತೊಡಗಿದವೆಂದರೆ ದರಕು ಗುಡಿಸುವ ಕಾಲ. ಒಣಗಿ ಬಿದ್ದ ಎಲೆಗೆ ನಮ್ಮ ಕಡೆ ದರಕು ಎನ್ನುತ್ತಾರೆ. ಬೆಟ್ಟದ ಗಡಿಯುದ್ದಕ್ಕೂ ಎಂಟು ಹತ್ತು ಅಡಿ ಅಗಲಕ್ಕೆ ದರಕನ್ನೆಲ್ಲ ಎಳೆದು ಮಣ್ಣು ಕಾಣುವಂತೆ ಮಾಡುತ್ತಿದ್ದರು. ಎಲ್ಲಿಂದಲೋ ಹರಿದು ಬಂದ ಬೆಂಕಿ ಅಲ್ಲಿ ಉಪವಾಸ ಬೀಳಲಿ ಎಂದು. ಎಳೆದ ದರಕು ಕೊಟ್ಟಿಗೆಗೆ, ದನದ ಕಾಲಡಿಗೆ. ಅಲ್ಲಿಂದ ಗೊಬ್ಬರದ ಗುಂಡಿಗೆ. ಗುಂಡಿಯಿಂದ ಅಡಕೆ ಮರದ ಬುಡಕ್ಕೆ. ತೋಟದೊಳಗಿನ ಹುಲ್ಲನ್ನು ಕತ್ತಿಯಿಂದ ಕೊಯ್ದು, ದನಕ್ಕೆ ಹಾಕುವಷ್ಟು ಹಾಕಿ, ಮಿಕ್ಕದ್ದನ್ನು ಕೊಯ್ದಲ್ಲೇ ಹರವುತ್ತಿದ್ದರು. ಉದುರಿದ ಸೋಗೆಯನ್ನು ತುಂಡರಿಸಿ ಬುಡಕ್ಕೆ ಕೊಟ್ಟು, ಹಾಳೆಯನ್ನು ಬೇರೆ ತೆಗೆದಿಡುತ್ತಿದ್ದರು. ಮಳೆಗೆ ಮುಂಚೆ ಕಾದಿಗೆಗಳ, ಎಂದರೆ ತೋಟದ ನೀರು ಬಸಿದು ಹೋಗುವ ಕಾಲುವೆಗಳ, ಹೂಳೆತ್ತುತ್ತಿದ್ದರು. ಇಷ್ಟೆಲ್ಲ ನಡೆದರೂ ಹಳ್ಳದ ದಂಡೆಗೆ ಮಾತ್ರ ಕತ್ತಿ ಹೋಗುತ್ತಿರಲಿಲ್ಲ. ಅಲ್ಲಿ ಕೇದಗೆ, ವಾಟೆಬಿದಿರು, ಹೆಸರು ಗೊತ್ತಿಲ್ಲದ ಹತ್ತಾರು ಬಗೆಯ ಹುಲ್ಲು ಹೆಣೆದುಕೊಂಡು ನಿಂತಿದ್ದವು. “ಅದು ಹಳ್ಳದ ಬೇಲಿ, ನಮ್ಮದಲ್ಲ” ಎಂದು ಅಜ್ಜ ಹೇಳುತ್ತಿದ್ದ. ಹುಡುಗನಾದ ನನಗೆ ಅದು ಅಜ್ಜನ ಸೋಮಾರಿತನವಾಗಿ ಕಂಡಿತ್ತು.

ಈಗ ನನ್ನ ಕಥೆ. ಅಪ್ಪಯ್ಯ ತೀರಿಕೊಂಡ ಮೇಲೆ ಊರಿನ ಮನೆಯಲ್ಲಿ ಆಯಿ ಒಬ್ಬಳೇ. ತೋಟದ ಕೆಲಸಕ್ಕೆ ಮೂವತ್ತು ವರ್ಷಗಳಿಂದ ಬರುತ್ತಿರುವ ಒಬ್ಬ ಹಿರಿಯ ಇದ್ದಾನೆ. ಅವನ ತಂದೆ ನಮ್ಮ ಅಜ್ಜನ ಕಾಲದಲ್ಲಿ ಕೆಲಸಕ್ಕೆ ಬರುತ್ತಿದ್ದವ. ನಾಲ್ಕು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಲ್ಲಿ, ನಮಗೆ ಬೀಗರಾಗಲಿದ್ದವರು ಊರಿನ ಮನೆ ನೋಡುವುದಕ್ಕೆ ಬರುವುದೆಂದು ನಿಶ್ಚಯವಾಯಿತು. ನಾನು ಬೆಂಗಳೂರಿನಿಂದಲೇ ಆ ಹಿರಿಯನಿಗೆ ದೂರವಾಣಿ ಮಾಡಿದೆ. “ಮನೆಯಿಂದ ಹಳ್ಳದ ತನಕ ಎಲ್ಲ ಕ್ಲೀನಾಗಿರಬೇಕು. ಆಳು ಸಿಗದಿದ್ದರೆ ಔಷಧಿ ಹೊಡೆಸಿಬಿಡು” ಎಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಳ್ಳದ ದಂಡೆಗೂ ಹೊಡೀಬೇಕಾ ಒಡ್ಯಾ?” ಎಂದ. “ಎಲ್ಲಾ ಕಡೆ” ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಒಂದು ನಿಮಿಷವೂ ಹಿಡಿಯಲಿಲ್ಲ.

ಬೀಗರೊಡನೆ ನಾವು ಹೋಗಿ ಇಳಿದಾಗ ತೋಟದ ನೆಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಬೀಗರು ಹೊಗಳಿದರು: “ಎಷ್ಟು ನೀಟಾಗಿ ಇಟ್ಟಿದ್ದೀರಿ!” ನಾನು ಹಿಗ್ಗಿದೆ. ಮಧ್ಯಾಹ್ನದ ಊಟಕ್ಕೆ ತಂಬುಳಿ ಮಾಡಬೇಕೆಂದು ಆಯಿ ಒಂದೆಲಗ ಕೊಯ್ಯಲು ತೋಟಕ್ಕೆ ಹೋದವಳು ಬರಿ ಬುಟ್ಟಿ ಹಿಡಿದು ಬಂದಳು. “ಎಂತೂ ಇಲ್ಲೆ ತಮಾ, ಎಲ್ಲಾ ಒಣಗೋಜು” ಎಂದಳು. ಅದರಲ್ಲಿ ದೂರಿನ ಧ್ವನಿ ಇರಲಿಲ್ಲ. ಕಾದಿಗೆಯ ಅಂಚಿನ ಒಂದೆಲಗವನ್ನು ಆಯಿ ನೆಟ್ಟದ್ದಲ್ಲ, ಅವಳ ಅತ್ತೆಯೂ ನೆಟ್ಟದ್ದಲ್ಲ. ಅದು ತಾನಾಗಿ ಇತ್ತು. ತಾನಾಗಿ ಇದ್ದುದಕ್ಕೆ ಲೆಕ್ಕವಿಲ್ಲವೆಂದು ತಿಳಿದವನು ನಾನು.

ಜೂನ್ ಕೊನೆಯಲ್ಲಿ ಮಳೆ ಹಿಡಿಯಿತು. ಹಳ್ಳದ ದಂಡೆ ನಾಲ್ಕು ಅಡಕೆ ಮರಗಳನ್ನು ತೆಗೆದುಕೊಂಡು ಕುಸಿಯಿತು. ಮೇಲಿನ ಮಣ್ಣು ತೊಳೆದು ಬಂದು ಕಾದಿಗೆಗಳು ತುಂಬಿದವು. ತೋಟದಲ್ಲಿ ನೀರು ನಿಂತಿತು. ಆಗಸ್ಟಿನಲ್ಲಿ ಊರಿಗೆ ಹೋದಾಗ ಆ ಹಿರಿಯ ಕಾದಿಗೆಯ ಹೂಳು ಎತ್ತುತ್ತಿದ್ದ. ಅವನ ಅಂಗೈಯ ತೊಗಲು ಅಲ್ಲಲ್ಲಿ ಸುಲಿದು ಮತ್ತೆ ಬಂದಿತ್ತು. ಏನಾಯಿತೆಂದು ಕೇಳಿದೆ. ಬೆನ್ನಿಗೆ ಕಟ್ಟಿಕೊಂಡ ಡಬ್ಬಿ ಸೋರುತ್ತಿತ್ತಂತೆ. ಕೈಗೆ ಚೀಲವಿಲ್ಲ, ಕಾಲಿಗೆ ಬೂಟಿಲ್ಲ, ಮೂರು ದಿನ ಹೊಡೆದಿದ್ದ. “ಕೈ ಕವಚ ಕೇಳಬೇಕಿತ್ತು, ನಾನು ದುಡ್ಡು ಕೊಡುತ್ತಿದ್ದೆನಲ್ಲ” ಎಂದೆ, ತಪ್ಪು ಅವನದೇ ಎಂಬಂತೆ. ಅವನು ನನ್ನ ಮುಖ ನೋಡಿ, “ನೀವು ಔಷಧಿ ಅಂದ್ರಲ್ಲ ಒಡ್ಯಾ” ಎಂದ.

ಈ ಲೇಖನ ಹುಟ್ಟಿದ್ದು ಆ ಮಾತಿನಿಂದ. ಕೊಲ್ಲುವ ದ್ರವಕ್ಕೆ ಔಷಧಿ ಎಂದು ಹೆಸರಿಟ್ಟವರು ಯಾರು? ಅಂಗಡಿಯವನು ಹಾಗೆನ್ನುತ್ತಾನೆ, ರೈತ ಹಾಗೆನ್ನುತ್ತಾನೆ, ಪದವೀಧರನಾದ ನಾನೂ ಹಾಗೆಯೇ ಅಂದೆ. ಔಷಧಿಯೆಂದರೆ ಮೈಗೆ ತಾಗಿದರೆ ಭಯವಿಲ್ಲ ಎಂದು ಅವನು ತಿಳಿದುದರಲ್ಲಿ ತಪ್ಪೇನಿದೆ? ನಮ್ಮ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ವಿಷವನ್ನು ವಿಷವೆಂದೇ ಹೇಳಿ ಕೊಟ್ಟರೆ, ಅವರು ಅದನ್ನು ಮುಟ್ಟುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಆದುದರಿಂದ ನನ್ನ ಮೊದಲ ಬೇಡಿಕೆ ಬಹಳ ಚಿಕ್ಕದು: ಇನ್ನು ಮೇಲೆ ಅದನ್ನು ಕಳೆಯ ವಿಷ ಎನ್ನೋಣ. ಭಾಷೆ ನಮ್ಮ ಕೈಯಲ್ಲಿದೆ. ಅದಕ್ಕೆ ಯಾವ ಇಲಾಖೆಯ ಅಪ್ಪಣೆಯೂ ಬೇಕಿಲ್ಲ.

ಕಳೆವಿಷಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಗ್ಲೈಫೊಸೇಟ್ 1974ರಲ್ಲಿ ಮಾರುಕಟ್ಟೆಗೆ ಬಂತು. ಸಸ್ಯಗಳಲ್ಲಿ ಇರುವ, ಪ್ರಾಣಿಗಳಲ್ಲಿ ಇಲ್ಲದ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಆದುದರಿಂದ ಮನುಷ್ಯನಿಗೆ ಅಪಾಯವಿಲ್ಲ ಎಂಬುದು ಮಾರುವವರ ವಾದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಅದನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಗುಂಪಿಗೆ ಸೇರಿಸಿತು. ಅಮೆರಿಕದ ಮತ್ತು ಯುರೋಪಿನ ನಿಯಂತ್ರಣ ಸಂಸ್ಥೆಗಳು ಆ ಅಭಿಪ್ರಾಯವನ್ನು ಒಪ್ಪಲಿಲ್ಲ. ನಮ್ಮ ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿ, ಕೀಟನಿಯಂತ್ರಣದ ಪರವಾನಗಿ ಪಡೆದವರ ಹೊರತು ಬೇರೆ ಯಾರೂ ಅದನ್ನು ಬಳಸಕೂಡದೆಂದಿತು. ವಿಜ್ಞಾನಿಗಳ ಆ ವಾಗ್ವಾದದಲ್ಲಿ ತೀರ್ಪು ಕೊಡುವಷ್ಟು ವಿದ್ಯೆ ನನ್ನದಲ್ಲ. ನನ್ನ ವಾದ ಅದರ ಮೇಲೆ ನಿಂತೂ ಇಲ್ಲ. ನನ್ನ ವಾದ ನಿಂತಿರುವುದು ಬೇರಿನ ಮೇಲೆ.

ಹುಲ್ಲನ್ನು ಕತ್ತಿಯಿಂದ ಕೊಯ್ದರೆ ಬೇರು ಬದುಕಿರುತ್ತದೆ. ಬದುಕಿರುವ ಬೇರು ಮಣ್ಣನ್ನು ಹಿಡಿದಿರುತ್ತದೆ. ಎರಡು ಮಳೆಗೆ ಮತ್ತೆ ಚಿಗುರುತ್ತದೆ. ಈ ವಿಷದ ಹೆಚ್ಚುಗಾರಿಕೆಯಾದರೋ ಎಲೆಯ ಮೂಲಕ ಒಳಗಿಳಿದು ಬೇರನ್ನೇ ಕೊಲ್ಲುವುದು. ‘ಮತ್ತೆ ಹುಟ್ಟುವುದಿಲ್ಲ’ ಎಂಬುದೇ ಅದರ ಜಾಹೀರಾತು. ಶಿರಸಿಯ ಕಡೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ ಬೀಳುತ್ತದೆ. ಅಂಥ ಮಳೆ ಬರಲು ಎರಡು ತಿಂಗಳಿರುವಾಗ ಇಳಿಜಾರಿನ ನೆಲದ ಬೇರುಗಳನ್ನೆಲ್ಲ ಕೊಂದಿಡುವುದು ಯಾವ ಬುದ್ಧಿವಂತಿಕೆ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ. ನಾವು ನೆಗಡಿಯೂ ಬಾರದೆ ಕೊಯ್ದುಕೊಂಡವರು.

ವಿಷ ಬೇಡವೆನ್ನುವ ಕೆಲವು ಸಜ್ಜನರು ಬೆಂಕಿಯ ಪಕ್ಷಪಾತಿಗಳು. “ಒಂದು ಕಡ್ಡಿ ಗೀರಿದರೆ ಸಾಕು, ಬೂದಿಯೂ ಗೊಬ್ಬರ” ಎನ್ನುತ್ತಾರೆ. ಬೂದಿ ಗೊಬ್ಬರವೆಂಬುದು ಅರ್ಧ ಸತ್ಯ. ಎಲೆ ಸುಟ್ಟಾಗ ಅದರಲ್ಲಿದ್ದ ಸಾರಜನಕದ ಬಹುಭಾಗ ಹೊಗೆಯೊಡನೆ ಆಕಾಶಕ್ಕೆ ಹೋಗುತ್ತದೆ. ಉಳಿದ ಪೊಟ್ಯಾಷ್, ಸುಣ್ಣ ಮೊದಲಾದವು ಬೋಳು ನೆಲದ ಮೇಲೆ ಬೂದಿಯಾಗಿ ಕುಳಿತು ಮೊದಲ ಜಡಿಮಳೆಗೆ ಹಳ್ಳದ ದಾರಿ ಹಿಡಿಯುತ್ತವೆ. ಒಂದು ಅಡಕೆ ಮರ ವರ್ಷಕ್ಕೆ ಆರೇಳು ಸೋಗೆ ಉದುರಿಸುತ್ತದೆ. ಐನೂರು ಮರದ ಒಂದು ಎಕರೆಯಲ್ಲಿ ಅದು ಮೂರು ಸಾವಿರ ಸೋಗೆ. ಇಷ್ಟನ್ನು ಒಟ್ಟಿ ಸುಟ್ಟು, ಆಮೇಲೆ ಪೇಟೆಗೆ ಹೋಗಿ ಯೂರಿಯಾ ಚೀಲಕ್ಕೆ ಸಾಲಿನಲ್ಲಿ ನಿಲ್ಲುವವನನ್ನು ಏನೆಂದು ಕರೆಯೋಣ?

ಬೆಂಕಿಗೆ ಇನ್ನೊಂದು ದೋಷವಿದೆ. ಅದು ಬೇಲಿಯನ್ನು ಓದಲಾರದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಸಾವಿರಾರು ಎಕರೆ ಉರಿದುದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿ ಮರುಗಿದೆವು. ಒಣಗಿದ ನೆಲ, ಬೀಸುವ ಗಾಳಿ, ಒಂದು ಕಿಡಿ, ಇಷ್ಟು ಕೂಡಿದರೆ ಕಾಡೂ ಒಂದೇ, ಬೆಟ್ಟವೂ ಒಂದೇ. ನನ್ನ ಅಜ್ಜನ ಕಾಲದವರು ಬೆಂಕಿ ಬಾರದಿರಲೆಂದು ದರಕು ಎಳೆದು ಗಡಿ ಮಾಡುತ್ತಿದ್ದರು. ನಾವು ದರಕನ್ನು ತೆಗೆಯಲೆಂದು ಬೆಂಕಿಯನ್ನೇ ಕರೆಯುತ್ತಿದ್ದೇವೆ. ಕೆಲಸ ಒಂದೇ ಎಂದು ತೋರುತ್ತದೆ. ಬುದ್ಧಿ ಮಾತ್ರ ತಲೆಕೆಳಗು.

ಈ ಬೋಳಿನ ಮೋಹ ನಮಗೆ ಎಲ್ಲಿಂದ ಬಂತು? ನನ್ನ ಅನುಮಾನ ಹುಲ್ಲುಹಾಸಿನ ಮೇಲೆ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ಕಂಡುಹಿಡಿದ. ಬಟ್ಟೆಯ ಗಿರಣಿಯಲ್ಲಿ ಉಣ್ಣೆಯ ಜೂಲನ್ನು ಸಮನಾಗಿ ಕತ್ತರಿಸುವ ಯಂತ್ರವನ್ನು ನೋಡಿ ಅವನಿಗೆ ಆ ಯೋಚನೆ ಬಂದುದಂತೆ. ಅಂದರೆ ನೆಲವನ್ನು ಬಟ್ಟೆಯಂತೆ ಕಾಣುವ ದೃಷ್ಟಿ ಅದರ ಹುಟ್ಟಿನಲ್ಲಿಯೇ ಇದೆ. ವರ್ಷವಿಡೀ ತುಂತುರು ಬೀಳುವ ಆ ದೇಶಕ್ಕೆ ಅದು ಒಪ್ಪಿತು. ಲಂಡನ್ನಿನಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆ ಸುಮಾರು ಆರುನೂರು ಮಿಲಿಮೀಟರು. ನಮ್ಮ ಆಷಾಢ ಮಾಸ ಒಂದೇ ಅದನ್ನು ತೀರಿಸಿಬಿಡಬಲ್ಲುದು. ಅಲ್ಲಿನ ಕನ್ನಡಿಯಲ್ಲಿ ಇಲ್ಲಿನ ಮುಖ ನೋಡಿಕೊಂಡು, ಗಡ್ಡ ಬೆಳೆದಿದೆಯೆಂದು ನಾಚುತ್ತಿದ್ದೇವೆ.

ಹಾಗೆಂದು ಹುಲ್ಲು ಕೊಯ್ಯಲೇಬಾರದೆಂದು ನಾನು ಹೇಳುತ್ತಿಲ್ಲ. ‘ಪ್ರಕೃತಿಗೆ ಬಿಟ್ಟುಬಿಡಿ’ ಎಂಬ ಇನ್ನೊಂದು ತುದಿಯ ಉಪದೇಶವೂ ಪೇಟೆಯಲ್ಲೇ ಹುಟ್ಟಿದ್ದು. ಅಂಥವರಿಗೆ ಡಾರ್ವಿನ್ನನ ಒಂದು ಪ್ರಯೋಗವನ್ನು ನೆನಪಿಸುತ್ತೇನೆ. 1859ರ ಅವನ ಪ್ರಸಿದ್ಧ ಗ್ರಂಥದಲ್ಲಿ ಅದು ಬರುತ್ತದೆ. ಬಹುಕಾಲದಿಂದ ಕೊಯ್ಯುತ್ತಿದ್ದ ಹುಲ್ಲುನೆಲದಲ್ಲಿ ಮೂರಡಿಗೆ ನಾಲ್ಕಡಿಯ ಒಂದು ತುಂಡಿನಲ್ಲಿ ಇಪ್ಪತ್ತು ಜಾತಿಯ ಸಸ್ಯಗಳಿದ್ದವು. ಕೊಯ್ಯದೆ ಬಿಟ್ಟಾಗ ಬಲವಾದವು ಬೆಳೆದು ಒಂಬತ್ತು ಜಾತಿ ನಾಶವಾದವು. ಕತ್ತಿ ಆಡಿದಲ್ಲಿ ಬಡಸಸ್ಯಗಳೂ ಬದುಕುತ್ತವೆ. ಏನೂ ಮಾಡದಿದ್ದರೆ ಬಲ್ಲಿದನದೇ ರಾಜ್ಯ. ಆಯಿಯ ಒಂದೆಲಗ ಕಾದಿಗೆಯ ಅಂಚಿನಲ್ಲಿ ಉಳಿದಿದ್ದುದೂ ಅಲ್ಲಿ ವರ್ಷ ವರ್ಷ ಹುಲ್ಲು ಕೊಯ್ಯುತ್ತಿದ್ದುದರಿಂದಲೇ. ಆದುದರಿಂದ ನಾನು ಕತ್ತಿಯ ಪಕ್ಷದವನು. ಕೊಯ್ಯುವುದು ಬೇರೆ, ಕೊಲ್ಲುವುದು ಬೇರೆ ಎಂಬುದಷ್ಟೇ ನನ್ನ ಮಾತು.

ಆಕ್ಷೇಪಗಳು ಬರುತ್ತವೆ, ಬರಲಿ. ಮೊದಲನೆಯದು ಹಾವು. ಇದನ್ನು ನಗುತ್ತ ತಳ್ಳಿಹಾಕುವಂತಿಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ಹನ್ನೆರಡು ಲಕ್ಷವೆಂದು ಸಂಶೋಧಕರ ಅಂದಾಜು. ಮನೆಯ ಅಂಗಳ, ಬಚ್ಚಲಿನ ಹಿಂಬದಿ, ಕೊಟ್ಟಿಗೆ, ಜನ ನಡೆಯುವ ದಾರಿ, ಇವು ಬೋಳಾಗಿಯೇ ಇರಬೇಕು. ಕಟ್ಟಿಗೆಯ ರಾಶಿ ಗೋಡೆಗೆ ತಾಗಿರಬಾರದು. ಕತ್ತಲಲ್ಲಿ ಕೈದೀಪವಿಲ್ಲದೆ ಕಾಲಿಡಬಾರದು. ಆದರೆ ಅಂಗಳದ ನ್ಯಾಯ ಅಂಗಳಕ್ಕೆ. ಅದನ್ನು ಹಳ್ಳದ ದಂಡೆಗೆ ಒಯ್ದರೆ ಹಾವು ಸಾಯುವುದಿಲ್ಲ, ದಂಡೆ ಸಾಯುತ್ತದೆ.

ಎರಡನೆಯದು ಉಣುಗು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಒಣ ತಿಂಗಳುಗಳಲ್ಲಿ, ಕಾಡಿನ ದರಕಿನ ನಡುವೆ. ದರಕು ಗುಡಿಸುವ ಬಡವರಿಗೇ ಅದರ ಭಯ ಹೆಚ್ಚು. ಇದಕ್ಕೆ ಉತ್ತರ ಬೆಟ್ಟ ಸುಡುವುದಲ್ಲ. ಮಂಗ ಸತ್ತ ಸುದ್ದಿ ಬಂದ ಕಡೆ ದರಕಿಗೆ ಹೋಗದಿರುವುದು, ಹೋಗುವವರು ಮೈತುಂಬ ಬಟ್ಟೆ ತೊಟ್ಟು ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಳ್ಳುವುದು, ಬಂದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯುವುದು, ಇವೇ ಉತ್ತರ. ಕೂಲಿ ಕೊಡುವವನು ತೈಲದ ವಿಚಾರವನ್ನೂ ಕೇಳಬೇಕು. ನಾನು ಕೈ ಕವಚದ ವಿಚಾರ ಕೇಳಿರಲಿಲ್ಲವೆಂಬುದನ್ನು ಓದುಗರು ಮರೆತಿರಲಾರರು.

ಮೂರನೆಯದು ನಿಜವಾಗಿ ಕೀಳಬೇಕಾದ ಗಿಡಗಳು. ಅವೂ ಇವೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದದ ಹೂವಿಗಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಲಂಟಾನ ಇಂದು ನಮ್ಮ ಕಾಡುಗಳನ್ನು ನುಂಗುತ್ತಿದೆ. 1950ರ ದಶಕದ ನಡುವೆ ಪುಣೆಯಲ್ಲಿ ಕಾಣಿಸಿಕೊಂಡ ಪಾರ್ಥೇನಿಯಂ ಎಲ್ಲ ರಸ್ತೆಗಳ ಬದಿಗೂ ಹಬ್ಬಿದೆ. ಜನ ಅದಕ್ಕೆ ಕಾಂಗ್ರೆಸ್ ಗಿಡವೆಂದೂ, ಅದರಂತೆಯೇ ಹಬ್ಬುವ ಇನ್ನೊಂದಕ್ಕೆ ಕಮ್ಯುನಿಸ್ಟ್ ಗಿಡವೆಂದೂ ಹೆಸರಿಟ್ಟಿದ್ದಾರೆ. ಪಕ್ಷಭೇದವಿಲ್ಲದೆ ಇವನ್ನು ಕೀಳಬೇಕು. ಹೂ ಬಿಡುವ ಮುಂಚೆ, ನೆಲ ಹದವಾಗಿರುವಾಗ, ಬೇರುಸಹಿತ, ಕೈ ಮೈ ಮುಚ್ಚಿಕೊಂಡು. ಆದರೆ ಯಾವುದು ಲಂಟಾನದ ಸಸಿ, ಯಾವುದು ಅಪ್ಪೆಮಾವಿನ ಸಸಿ ಎಂದು ತಿಳಿದವನಲ್ಲವೆ ಕೀಳಬೇಕಾದದ್ದು? ವಿಷದ ಡಬ್ಬಿಗೆ ಆ ವಿವೇಕವಿಲ್ಲ, ಬೆಂಕಿಗೂ ಇಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಗಟ್ಟಿಯಾದುದು: “ಆಳು ಎಲ್ಲಿದ್ದಾರೆ ಸ್ವಾಮಿ?” ನಿಜ. ಹಳ್ಳಿಯ ಹುಡುಗರು ಪೇಟೆಗೆ ಬಂದರು. ಮೊದಲು ಬಂದವರು ನಾವೇ. ಇದ್ದವರಿಗೆ ವಯಸ್ಸಾಯಿತು. ಅದಕ್ಕಾಗಿ ಪೆಟ್ರೋಲಿನ ಹುಲ್ಲು ಕೊಚ್ಚುವ ಯಂತ್ರ ಬಂದಿದೆ. ನಾನು ಅದರ ಶತ್ರುವಲ್ಲ. ಹೆಗಲಿಗೆ ಹಾಕಿಕೊಂಡು ನಾಲ್ಕು ಬೆರಳು ಎತ್ತರಕ್ಕೆ ಕೊಚ್ಚುತ್ತ ಹೋದರೆ ಒಬ್ಬನೇ ಹಲವರ ಕೆಲಸ ಮಾಡುತ್ತಾನೆ. ಬೇರು ಉಳಿಯುತ್ತದೆ, ಕೊಚ್ಚಿದ್ದು ಅಲ್ಲೇ ಬಿದ್ದು ಹೊದಿಕೆಯಾಗುತ್ತದೆ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಬೇಕು; ಕಲ್ಲು ಸಿಡಿದರೆ ಕಣ್ಣೇ ಹೋದೀತು. ಎಳೆಯ ಗಿಡದ ತೊಗಟೆಗೆ ಅದರ ದಾರ ತಾಗಿದರೆ ಗಿಡವೂ ಹೋದೀತು. ಕತ್ತಿ ಹಿಡಿದವನು ಬಗ್ಗಿ ನೆಲ ನೋಡುತ್ತಾನೆ, ಸಸಿ ಕಂಡರೆ ಸುತ್ತ ಕೊಯ್ದು ಮುಂದೆ ಹೋಗುತ್ತಾನೆ. ಯಂತ್ರ ಹಿಡಿದವನಿಗೆ ಮುಂಚೆಯೇ ಗೂಟ ನೆಟ್ಟು ತೋರಿಸಬೇಕು. ತೋರಿಸುವವನು ಅಲ್ಲಿ ಇರಬೇಕು, ಮತ್ತು ಅವನಿಗೆ ಗೊತ್ತಿರಬೇಕು. ತೊಡಕಿರುವುದು ಅಲ್ಲಿಯೇ.

1961ರ ಭೂಸುಧಾರಣಾ ಕಾಯಿದೆಗೆ 2020ರಲ್ಲಿ ತಿದ್ದುಪಡಿ ತಂದು, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆಯನ್ನು ನಮ್ಮ ರಾಜ್ಯದಲ್ಲಿ ತೆಗೆದುಹಾಕಲಾಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆಗೆ ಇದು ಸ್ಥಳವಲ್ಲ. ಆದರೆ ಒಂದನ್ನು ಹೇಳಬಹುದು: ಕಾಯಿದೆ ನೆಲದ ಪತ್ರವನ್ನು ಕೊಡಬಲ್ಲುದು, ನೆಲವನ್ನು ನೋಡುವ ಕಣ್ಣನ್ನು ಕೊಡಲಾರದು. ಪತ್ರವಿದ್ದು ಕಣ್ಣಿಲ್ಲದವನು ಮಾಡುವ ಮೊದಲ ಕೆಲಸ ‘ಕ್ಲೀನ್’ ಮಾಡಿಸುವುದು. ಪಿತ್ರಾರ್ಜಿತ ಪತ್ರವಿದ್ದ ನನಗೂ ಕಣ್ಣಿರಲಿಲ್ಲವೆಂದ ಮೇಲೆ, ಹೊಸದಾಗಿ ಕೊಂಡವರನ್ನು ಮಾತ್ರ ಹಳಿಯುವುದು ನ್ಯಾಯವಲ್ಲ.

ಕಣ್ಣಿದ್ದವರು ಈಗಲೂ ಹಳ್ಳಿಯಲ್ಲಿದ್ದಾರೆ.“ಹಳ್ಳದ ದಂಡೆಗೂ ಹೊಡೀಬೇಕಾ?” ಎಂದು ಕೇಳಿದ ಆ ಹಿರಿಯನಿಗೆ ಕಣ್ಣಿತ್ತು. ಅವನು ಕೇಳಿದ್ದು ಪ್ರಶ್ನೆಯಲ್ಲ; ಎಚ್ಚರಿಕೆ. ಕೂಲಿ ತೆಗೆದುಕೊಳ್ಳುವವನು ಕೊಡುವವನಿಗೆ ಎಚ್ಚರಿಕೆ ಕೊಡಬೇಕಾದರೆ ನಮ್ಮ ಸಮಾಜದಲ್ಲಿ ಅದನ್ನು ಪ್ರಶ್ನೆಯ ರೂಪದಲ್ಲಿ ಮಾತ್ರ ಕೊಡಬಹುದು. ನಾನು ಅವನ ತೋಳಿಗೆ ದುಡ್ಡು ಕೊಟ್ಟೆ, ಅವನ ತಿಳಿವಳಿಕೆಯನ್ನು ಬೇಡವೆಂದೆ. ನಮ್ಮ ಬೇಸಗೆಯ ಸ್ವಚ್ಛತಾ ಕಾರ್ಯಕ್ರಮದಲ್ಲಿ ಎಲ್ಲಕ್ಕಿಂತ ಮೊದಲು ಸವರಿಹೋಗುತ್ತಿರುವುದು ಹುಲ್ಲಲ್ಲ, ಈ ತಿಳಿವಳಿಕೆ. ಹುಲ್ಲು ಮತ್ತೆ ಹುಟ್ಟೀತು.

ಹಳ್ಳದ ದಂಡೆಯಲ್ಲಿ ಆ ವರ್ಷವೇ ವಾಟೆಯ ಗಡ್ಡೆ ತಂದು ನೆಟ್ಟೆವು. ಕೆಲವು ಹಿಡಿದಿವೆ, ಕೆಲವು ಇಲ್ಲ. ಹೋದ ಮಣ್ಣು ಬರಲಿಲ್ಲ, ನಾಲ್ಕು ಮರಗಳೂ ಬರಲಿಲ್ಲ. ಆಯಿ ಪಕ್ಕದ ಮನೆಯ ತೋಟದಿಂದ ಒಂದೆಲಗದ ಬಳ್ಳಿ ತಂದು ಕಾದಿಗೆಯ ಅಂಚಿಗೆ ಊರಿದ್ದಾಳೆ. ಹಿಂದೆ ತಾನಾಗಿ ಇದ್ದುದನ್ನು ಈಗ ನೀರು ಹನಿಸಿ ಸಾಕುತ್ತಾಳೆ. ಹೋದ ಬೇಸಗೆಯಲ್ಲಿ ನಾನು ಎರಡು ವಾರ ರಜೆ ಹಾಕಿ, ಆ ಹಿರಿಯನ ಹಿಂದೆ ಹಿಂದೆ ತೋಟವೆಲ್ಲ ಸುತ್ತಿದೆ. ಎಲ್ಲಿ ಕೊಯ್ಯಬೇಕು, ಎಲ್ಲಿ ಬಿಡಬೇಕೆಂದು ಅವನು ತೋರಿಸುತ್ತ ಹೋದ; ನಾನು ಗೂಟ ನೆಡುತ್ತ ಹೋದೆ. ಕೂಲಿ ಅವನಿಗೆ ಕೊಟ್ಟೆನಾದರೂ ಆ ಎರಡು ವಾರ ಕೆಲಸ ಕಲಿತವನು ನಾನು.

ಓದುಗರೆ, ಈ ಬೇಸಗೆ ನೀವು ಊರಿಗೆ ದೂರವಾಣಿ ಮಾಡುವಾಗ ‘ಕ್ಲೀನ್ ಮಾಡಿಸಿಡಿ’ ಎನ್ನುವ ಮುಂಚೆ ಒಂದು ಮಾತು ಕೇಳಿ ನೋಡಿ: “ಎಲ್ಲಿ ಕೊಯ್ಯಬೇಕು, ಎಲ್ಲಿ ಬಿಡಬೇಕು?” ಆ ಕಡೆಯಿಂದ ಉತ್ತರ ಬರುವುದು ಸ್ವಲ್ಪ ತಡವಾದೀತು, ಇಂಥ ಪ್ರಶ್ನೆ ಅವರನ್ನು ಯಾರೂ ಕೇಳಿರುವುದಿಲ್ಲ. ಕಾಯಿರಿ.